ಜುಂಜಯ್ಯನ ರುಮಾಲಿಗೆ ತಕ್ಕ ಕಾಗದ

ಹರಿಯಬ್ಬೆಯ ಜುಂಜಯ್ಯ ಬದುಕಿರುವ ತನಕ ಅಳಿಯ ದಯಾನಂದನಿಗೆ ಒಂದು ದಿನವೂ ತೊಂದರೆ ಕೊಟ್ಟವನಲ್ಲ. ಕುರಿ ಕಾಯುವುದು, ಬೀಡಿ ಸೇದುವುದು, ಕೇಳಿದ್ದಕ್ಕೆಲ್ಲ ಹೂಂ ಅನ್ನುವುದು, ಇಷ್ಟರಲ್ಲೇ ಎಪ್ಪತ್ತೆಂಟು ವರ್ಷ ಮುಗಿಸಿದ ಮನುಷ್ಯ. ಅವನು ತೊಂದರೆ ಕೊಡಲು ಶುರುಮಾಡಿದ್ದು ಸತ್ತು ಆರು ವರ್ಷವಾದ ಮೇಲೆ, ಅದೂ ಗೋಡೆಯ ಮೇಲೆ ಕೂತುಕೊಂಡು.

ದಯಾನಂದ ಹಿರಿಯೂರಿನ ಬಸ್ ಸ್ಟ್ಯಾಂಡಿನ ಹಿಂದೆ ಫೋಟೋ ಸ್ಟುಡಿಯೋ ಇಟ್ಟುಕೊಂಡವನು. ಮಾವ ತೀರಿಕೊಂಡಾಗ, ಪಟದ ಜವಾಬ್ದಾರಿ ನಂದು ಎಂದು ಹತ್ತು ಜನರ ಮುಂದೆ ಎದೆ ತಟ್ಟಿಕೊಂಡ. ಯಾರೂ ಕೇಳಿರಲಿಲ್ಲ. ಅಂಗಡಿಯಲ್ಲಿದ್ದ ಕಾಗದಗಳಲ್ಲೆಲ್ಲ ಅತಿ ಬಿಳಿಯದನ್ನು ಆರಿಸಿ, ದೊಡ್ಡದಾಗಿ ಪ್ರಿಂಟ್ ಹೊಡೆದು, ಕಟ್ಟು ಹಾಕಿಸಿ ಒಯ್ದ. ಆವತ್ತು ಜುಂಜಯ್ಯನ ರುಮಾಲು ಆಸ್ಪತ್ರೆಯ ಗೋಡೆಯಷ್ಟು ಬೆಳ್ಳಗಿತ್ತು. ನೆಂಟರು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ದಯಾನಂದ ಬಾಡೂಟದ ಪಂಕ್ತಿಯಲ್ಲಿ ಆ ದಿನ ಎರಡು ಸಲ ಕೂತ.

ಪಟ ತಲೆಬಾಗಿಲಿಗೆ ಎದುರಾಗಿತ್ತು. ಬೆಳಗಿನ ಬಿಸಿಲು ನೇರ ಅದರ ಮೇಲೇ ಬೀಳುತ್ತಿತ್ತು. ಮೊದಲ ಎರಡು ವರ್ಷ ಏನೂ ಆಗಲಿಲ್ಲ. ಮೂರನೆಯ ವರ್ಷ ರುಮಾಲಿನ ಬಿಳುಪು ಇಳಿಯಿತು. ಆರನೆಯ ವರ್ಷಕ್ಕೆ ಜುಂಜಯ್ಯ ಅರಿಶಿನದ ನೀರಲ್ಲಿ ಅದ್ದಿ ತೆಗೆದವನಂತೆ ಕೂತಿದ್ದ. ಯುಗಾದಿಗೆ ಹೋದಾಗ ಅತ್ತೆ ಚಿತ್ತಮ್ಮ ಪಟ ನೋಡಿ ಮಗಳ ಹತ್ತಿರ ಒಂದೇ ಮಾತು ಅಂದಳು.

"ಅದು ನಿಮ್ಮಪ್ಪನ ರುಮಾಲಲ್ಲ ಕಣವ್ವ ದೀಪಾ. ಹಿರಿಯರ ಹಬ್ಬದಾಗೆ ಆ ಪಟದ ಮುಂದೆ ನಾನು ಎಡೆ ಇಕ್ಕಂಗಿಲ್ಲ."

ಬೈದಿದ್ದರೆ ದಯಾನಂದ ಏನಾದರೂ ತಿರುಗಿ ಹೇಳುತ್ತಿದ್ದ. ಇದು ಬೈಗುಳಕ್ಕಿಂತ ದೊಡ್ಡದು. ಮಹಾಲಯ ಅಮಾವಾಸ್ಯೆಯ ದಿನ ಮನೆಯ ಹಿರಿಯರು ಬಂದು ಉಂಡು ಹೋಗುತ್ತಾರೆ ಎಂಬ ನಂಬಿಕೆಯ ಮನೆ ಅದು. ಹೆಂಡತಿಯೇ ಎಡೆ ಇಡದಿದ್ದರೆ ಜುಂಜಯ್ಯ ವರ್ಷವಿಡೀ ಹಸಿದಿರುತ್ತಾನೆ, ಮತ್ತು ಅದಕ್ಕೆ ಕಾರಣ ಅಳಿಯ ಎಂದಾಗುತ್ತದೆ. ಉಳಿದ ಮಾತನ್ನು ನೆಂಟರು ವಹಿಸಿಕೊಂಡರು. ದೀಪಾಳ ತಮ್ಮ ಯೋಗೇಶ್, ಊರಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡುವವನು, ಭಾವ ದುಡ್ಡು ಉಳಿಸಲು ಹೋಗಿ ಅಗ್ಗದ ಕಾಗದ ಹಾಕಿದ್ದಾನೆ ಎಂದು ತೀರ್ಪು ಕೊಟ್ಟ. ಜುಂಜಯ್ಯನ ತಂಗಿ ಮಲ್ಲಕ್ಕ ಪಟಕ್ಕೆ ಕಾಮಾಲೆ ಆಗಿದೆ ಅಂದಳು. ಕಾಮಾಲೆಗೆ ಬೇರು ಅರೆದು ಕೊಡುವವರ ವಿಳಾಸವನ್ನೂ ಹೇಳಿದಳು. ಬೇರನ್ನು ಪಟಕ್ಕೆ ಕುಡಿಸುವುದು ಹೇಗೆ ಎಂದು ದಯಾನಂದ ಕೇಳಲಿಲ್ಲ. ಅವನಿಗೆ ಆಗಲೇ ದಣಿವಾಗಿತ್ತು.

ಹಿರಿಯೂರಿಗೆ ಬಂದವನೇ ಮೊಬೈಲಿನಲ್ಲಿ ಯಾರೋ ಪರದೇಶದವನ ಮೂರು ಗಂಟೆಯ ವಿಡಿಯೋ ನೋಡಿದ. ರೂಪಾಯಿಗೆ ನಾಲ್ಕಾಣೆಯಷ್ಟು ಅರ್ಥವಾಯಿತು. ಕಾಗದ ಬೆಳ್ಳಗೆ ಕಾಣಲೆಂದು ಅದರೊಳಗೆ ಬ್ರೈಟ್ನರ್ ಎಂಬ ರಾಸಾಯನಿಕ ಸೇರಿಸುತ್ತಾರಂತೆ. ಬಟ್ಟೆ ಒಗೆಯುವ ಪುಡಿಯಲ್ಲಿ ಇರುತ್ತದಲ್ಲ, ಅದರದೇ ವಂಶ. ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಬೆಳಕೊಂದು ಇರುತ್ತದೆ; ಈ ರಾಸಾಯನಿಕ ಅದನ್ನು ನುಂಗಿ ನೀಲಿ ಬೆಳಕು ಉಗುಳುತ್ತದೆ; ನೋಡುವವನು ಆಹಾ ಎಂಥ ಬಿಳುಪು ಅನ್ನುತ್ತಾನೆ. ಕೆಲವು ವರ್ಷ ಹೀಗೆ ಉಗುಳಿ ಉಗುಳಿ ಸುಸ್ತಾಗಿ ಒಂದು ದಿನ ಕೈಚೆಲ್ಲುತ್ತದೆ. ಆಮೇಲೆ ಕಾಣುವುದೇ ಹಳದಿ. ನುಂಗುವುದು, ಉಗುಳುವುದು ದಯಾನಂದನ ತಲೆಗೆ ಅಷ್ಟಾಗಿ ಹತ್ತಲಿಲ್ಲ. ಸುಸ್ತಾಗಿ ಕೈಚೆಲ್ಲುವುದು ಮಾತ್ರ ಚೆನ್ನಾಗಿ ಹತ್ತಿತು. ಅವನಿಗೂ ನಲವತ್ತೊಂಬತ್ತು ತುಂಬಿತ್ತು.

ಹಾಗಾದರೆ ಬ್ರೈಟ್ನರ್ ಇಲ್ಲದ ಕಾಗದ ಬೇಕು. ಅದನ್ನು ಕಂಡುಹಿಡಿಯಲು ನೇರಳೆ ಬೆಳಕಿನ ಬ್ಯಾಟರಿ ಬೇಕು. ಕತ್ತಲಲ್ಲಿ ಅದನ್ನು ಬಿಟ್ಟಾಗ ಯಾವ ಕಾಗದ ನೀಲಿಯಾಗಿ ಹೊಳೆಯುತ್ತದೋ ಅದು ಕಳ್ಳ. ಯಾವುದು ಸುಮ್ಮನೆ ಕಪ್ಪಗಿರುತ್ತದೋ ಅದು ಪ್ರಾಮಾಣಿಕ. ಹೊಲದಲ್ಲಿ ಚೇಳು ಹುಡುಕಲೆಂದು ರೈತರಿಗೆ ಮಾರುವ ಅಂಥ ಬ್ಯಾಟರಿಯೊಂದು ಹಿರಿಯೂರಿನಲ್ಲೇ ಸಿಕ್ಕಿತು. ದಯಾನಂದ ಸ್ಟುಡಿಯೋದ ಶೆಟರನ್ನು ಮುಕ್ಕಾಲು ಎಳೆದು, ದೀಪ ಆರಿಸಿ, ತನ್ನ ಕಾಗದದ ಪೊಟ್ಟಣಗಳನ್ನು ಒಂದೊಂದಾಗಿ ವಿಚಾರಣೆಗೆ ತೆಗೆದುಕೊಂಡ. ಎಲ್ಲವೂ ಕಳ್ಳರು. ಇಪ್ಪತ್ತೆರಡು ವರ್ಷದಿಂದ ಕಳ್ಳರ ನಡುವೆ ಕೂತಿದ್ದೆನಲ್ಲ ಎಂದು ಅವನಿಗೆ ಬೇಸರವಾಯಿತು.

ಆ ಹೊತ್ತಿಗೆ ಶೆಟರಿನಡಿ ಬಗ್ಗಿ ಒಳಗೆ ಬಂದವರು ಪ್ರಸನ್ನಕುಮಾರ್. ಸರ್ಕಾರಿ ನೌಕರರು. ಯಾವ ಇಲಾಖೆ ಎಂದು ಹೇಳುವುದು ಬೇಡ, ಎಲ್ಲ ಇಲಾಖೆಯವರಿಗೂ ಮನೆಮಠ ಇರುತ್ತದೆ. ಪಾಸ್‌ಪೋರ್ಟ್ ಸೈಜಿನ ಫೋಟೋ ಬೇಕಾಗಿತ್ತು. ದಯಾನಂದ ಯಾರು ಎಂದು ತಿರುಗಿದ, ಬ್ಯಾಟರಿಯೂ ತಿರುಗಿತು. ಪ್ರಸನ್ನಕುಮಾರರ ಬಿಳಿ ಅಂಗಿ, ಅದರಲ್ಲೂ ಎದೆಯ ಜೇಬು, ನೀಲಿಯಾಗಿ ಧಗಧಗ ಉರಿಯಿತು.

ಅವರು ತಮ್ಮ ಜೇಬನ್ನು ನೋಡಿಕೊಂಡರು. ನಿಧಾನವಾಗಿ ಎರಡೂ ಕೈ ಮೇಲೆತ್ತಿದರು.

"ನಾನು ಮುಟ್ಟಿಲ್ರಿ. ಅವ್ರೇ ಬಂದು ಜೇಬಿಗೆ ಇಟ್ಟಿದ್ದು," ಅಂದರು.

ಲಂಚದ ನೋಟಿಗೆ ಪುಡಿ ಸವರಿ ಅಧಿಕಾರಿಗಳನ್ನು ಹಿಡಿಯುತ್ತಾರೆಂದು ಅವರು ಬಲ್ಲರು. ಆ ಪುಡಿಗೆ ಈಗ ಬ್ಯಾಟರಿಯೂ ಬಂದಿದೆ ಎಂದುಕೊಂಡರು. ದಯಾನಂದನ ತಲೆಯಲ್ಲಿ ಇದ್ದದ್ದು ಬಟ್ಟೆ ಒಗೆಯುವ ಪುಡಿ. ಅವನು ಕನಿಕರದಿಂದ, ಪುಡಿ ಜಾಸ್ತಿ ಆಗಿದೆ, ಇಷ್ಟು ಹಾಕಬಾರದಿತ್ತು, ಇದು ಮನೆಯವರ ಕೆಲಸವೇ ಎಂದು ಕೇಳಿದ.

"ಮನೆಯೋರ ಹೆಸ್ರು ತೆಗೀಬ್ಯಾಡ್ರಿ. ಅವ್ರಿಗೇನೂ ಗೊತ್ತಿಲ್ಲ," ಎಂದು ಪ್ರಸನ್ನಕುಮಾರ್ ಸ್ಟೂಲಿನ ಮೇಲೆ ಕುಸಿದರು.

ದಯಾನಂದ ನೀರು ಕೊಟ್ಟ. ಎಲ್ಲರ ಮನೆಯಲ್ಲೂ ಇದೇ ಕಥೆ, ನೀವೊಬ್ಬರೇ ಅಲ್ಲ, ಹಿರಿಯೂರಲ್ಲಿ ಯಾರ ಅಂಗಿ ನೋಡಿದರೂ ಹೀಗೇ ಹೊಳೆಯುತ್ತದೆ ಎಂದು ಸಮಾಧಾನ ಹೇಳಿದ. ಅದನ್ನು ಕೇಳಿ ಅವರ ಮುಖ ಇನ್ನಷ್ಟು ಬಿಳುಚಿತು. ಯಾರ್ಯಾರ ಅಂಗಿ ನೋಡಿದ್ದೀರಿ ಎಂದು ಮೆಲ್ಲಗೆ ಕೇಳಿದರು. ಉತ್ತರಕ್ಕೆ ಕಾಯದೆ ಹೊರಟು ಹೋದರು. ಫೋಟೋ ತೆಗೆಸಿಕೊಳ್ಳಲಿಲ್ಲ.

ಮರುದಿನದಿಂದ ಬೀದಿಯಲ್ಲಿ ದಯಾನಂದನ ಮರ್ಯಾದೆ ಕಾರಣವಿಲ್ಲದೆ ಏರಿತು. ಬಿಳಿ ಅಂಗಿಯವರು ಸ್ಟುಡಿಯೋ ಬಿಟ್ಟು ಬೀದಿಯ ಆಚೆ ಪಕ್ಕದಲ್ಲಿ ನಡೆಯತೊಡಗಿದರು. ಹೋಟೆಲಿನವನು ಕರೆಯದೆಯೇ ಗಟ್ಟಿ ಹಾಲಿನ ಚಹಾ ತಂದಿಟ್ಟು, ನಮ್ಮ ಕಡೆ ಏನೂ ಇಲ್ಲ ಅಣ್ಣ ಎಂದು ಹೇಳಿ ಹೋದ. ಏನೂ ಇಲ್ಲ ಎಂದರೆ ಏನು ಎಂದು ದಯಾನಂದ ಯೋಚಿಸಿದ. ಸಕ್ಕರೆ ಇರಬೇಕು ಎಂದುಕೊಂಡು ಕುಡಿದ. ಗಿರಾಕಿಗಳು ಮಾತ್ರ ನಿಂತುಹೋದರು.

ದಯಾನಂದ ಚಿತ್ರದುರ್ಗಕ್ಕೆ ಹೋಗಿ ಮಂಜುನಾಥನ ಕಾಗದದ ಅಂಗಡಿಯಲ್ಲಿ ಕೂತ. ಮಂಜುನಾಥ ಜಿಲ್ಲೆಯ ಅರ್ಧ ಸ್ಟುಡಿಯೋಗಳಿಗೆ ಕಾಗದ ಕೊಡುವವನು. ದಯಾನಂದ ತನ್ನ ಬೇಡಿಕೆ ಹೇಳಿದ ಮೇಲೆ ಅವನು ಸ್ವಲ್ಪ ಹೊತ್ತು ಫ್ಯಾನ್ ನೋಡಿದ.

"ಮೂವತ್ತು ವರ್ಷ ಆತು ಅಂಗ್ಡಿ ಇಟ್ಟು. ಬೆಳ್ಳಗಿರಾದು ಬ್ಯಾಡ, ಬಿಳಿ ಕಮ್ಮಿ ಇರಾದು ಕೊಡು ಅಂದೋರು ನೀವೇ ಮೊದಲು."

ಆದರೂ ವ್ಯಾಪಾರಿ. ಗೋಡೌನಿನಿಂದ ಒಂದು ಪೊಟ್ಟಣ ತರಿಸಿದ. ಎರಡು ಮಳೆಗಾಲ ನೆನೆದು ಅಂಚೆಲ್ಲ ಕಂದಿದ ಮಾಲು. ನಿಮಗೆ ಬೇಕಾದ ಹಳದಿ ಇದರಲ್ಲಿ ಈಗಾಗಲೇ ಇದೆ ಎಂದು ಅಭಿಮಾನದಿಂದ ತೋರಿಸಿದ. ದಯಾನಂದ ಮೇಜಿನ ಕೆಳಗಿನ ಕತ್ತಲಿಗೆ ಅದನ್ನು ಒಯ್ದು ಬ್ಯಾಟರಿ ಬಿಟ್ಟ. ಕಲೆಯ ನಡುವೆಯೂ ನೀಲಿ. ಅಷ್ಟರಲ್ಲಿ ಮಂಜುನಾಥನಿಗೆ ಈ ಆಟ ಹಿಡಿಸಿತು. ಬ್ಯಾಟರಿ ಕಸಿದುಕೊಂಡು ತಾನೂ ಮೇಜಿನ ಕೆಳಗೆ ಇಳಿದ. ಲಗ್ನಪತ್ರಿಕೆ ನೋಡಿದ, ನೋಟ್‌ಬುಕ್ ನೋಡಿದ, ಅಂಗಿ ಎತ್ತಿ ತನ್ನ ಬನಿಯನ್ನೂ ನೋಡಿದ. ಎಲ್ಲವೂ ಹೊಳೆಯಿತು. ಲಗ್ನಪತ್ರಿಕೆ ಆರಿಸಲು ಬಂದ ಹೊಳಲ್ಕೆರೆ ಕಡೆಯ ಬೀಗರಿಗೆ ಮೇಜಿನಡಿ ಇಬ್ಬರು ನಡುವಯಸ್ಸಿನ ಗಂಡಸರು ಬನಿಯನ್ ಪರೀಕ್ಷಿಸುತ್ತಿರುವುದು ಕಂಡಿತು. ಅವರು ಬೇರೆ ಅಂಗಡಿಗೆ ಹೋದರು.

ಕೊನೆಗೆ ಯಾವುದೋ ಕಂಪನಿಯವರು ಎಂದೋ ಕೊಟ್ಟುಹೋಗಿದ್ದ ಮಾದರಿ ಕಾಗದಗಳ ಪುಸ್ತಕವೊಂದು ಸಿಕ್ಕಿತು. ಹದಿನಾಲ್ಕು ಹಾಳೆ. ಹದಿಮೂರು ಹೊಳೆದವು. ಹದಿನಾಲ್ಕನೆಯದು, ಹತ್ತಿಯಿಂದ ಮಾಡಿದ ದಪ್ಪ ಕಾಗದ, ಬ್ಯಾಟರಿಯ ಎದುರು ಸುಮ್ಮನೆ ಕಪ್ಪಗೆ ಬಿದ್ದುಕೊಂಡಿತ್ತು. ಏನೂ ಕಾಣದಿರುವುದನ್ನು ಕಂಡು ಇಷ್ಟು ಸಂತೋಷಪಟ್ಟ ಮನುಷ್ಯ ಚಿತ್ರದುರ್ಗದಲ್ಲಿ ಆ ಹಿಂದೆ ಇರಲಿಕ್ಕಿಲ್ಲ. ಅದನ್ನು ಬೆಂಗಳೂರಿನಿಂದ ತರಿಸಿಕೊಡುತ್ತೇನೆ ಎಂದು ಮಂಜುನಾಥ ಹೇಳಿದ. ತರಿಸಿಯೂ ಕೊಟ್ಟ. ಪೊಟ್ಟಣ ಕೈಸೇರುವಾಗ ಹಬ್ಬಕ್ಕೆ ಮೂರು ದಿನ ಉಳಿದಿತ್ತು.

ಆ ಕಾಗದಕ್ಕೆ ಪ್ರಿಂಟ್ ಹಿಡಿಯುವುದು ಒಂದೇ ಮುಖ. ದಯಾನಂದ ಮೊದಲ ಹಾಳೆಯನ್ನು ತಪ್ಪು ಮುಖಕ್ಕೆ ಹೊಡೆದ. ಜುಂಜಯ್ಯ ಕೆಸರಿನಿಂದ ಎದ್ದು ಬಂದ. ಎರಡನೆಯದನ್ನು ತಿರುಗಿಸಿ ಹಾಕಿದ. ಆಮೇಲೆ ತಿರುಗಿಸಿದೆನೋ ಇಲ್ಲವೋ ಎಂಬ ಅನುಮಾನ ಬಂದು ಮತ್ತೊಮ್ಮೆ ತಿರುಗಿಸಿದ. ಮತ್ತೆ ಕೆಸರು. ಮೂರನೆಯದಕ್ಕೆ ಮಾವ ಸರಿಯಾಗಿ ಬಂದ. ಕಣ್ಣಿನ ಸುತ್ತಲಿನ ನೆರಿಗೆ, ಹುರಿ ಮೀಸೆ, ಹೆಗಲ ಮೇಲಿನ ಕಂಬಳಿಯ ಒಂದೊಂದು ಎಳೆ. ರುಮಾಲು ಮಾತ್ರ ಕೆನೆಯ ಬಣ್ಣಕ್ಕಿತ್ತು. ಪ್ರಾಮಾಣಿಕ ಕಾಗದದ ಹುಟ್ಟುಬಣ್ಣವೇ ಅದು. ದಯಾನಂದ ಅದನ್ನು ಹೆಂಡತಿಗೆ ತೋರಿಸಿದ.

"ಇದು ಆಗ್ಲೇ ಹಳದಿ ಐತಲ್ರೀ," ಅಂದಳು ದೀಪಾ.

"ಹಳದಿ ಅಲ್ಲ. ಕೆನೆ."

"ಹಳೇದು ಹಳದಿ ಆಗಾಕೆ ಆರು ವರ್ಷ ತಗಂತು. ಇದು ಆಗೇ ಬಂದೈತೆ."

"ಇನ್ಮುಂದೆ ಆಗಂಗಿಲ್ಲ ಕಣೇ. ಗ್ಯಾರಂಟಿ."

"ಆಗಾಕೆ ಇನ್ನೇನು ಉಳದೈತೆ?"

ಬೇರೆ ಕಾಗದ ಹುಡುಕಲು ದಿನವಿರಲಿಲ್ಲ, ದಯಾನಂದನಲ್ಲಿ ತ್ರಾಣವೂ ಇರಲಿಲ್ಲ. ಕಟ್ಟು ಹಾಕಿಸಿದ.

ಅಮಾವಾಸ್ಯೆಯ ಬೆಳಿಗ್ಗೆ ಇಬ್ಬರೂ ಹರಿಯಬ್ಬೆಯ ಬಸ್ಸು ಹತ್ತಿದರು. ಪಟವನ್ನು ಬೆಡ್‌ಶೀಟಿನಲ್ಲಿ ಸುತ್ತಿದ್ದರೂ ರುಮಾಲು ಇಣುಕುತ್ತಿತ್ತು. ಮುಂದಿನ ಸೀಟಿನ ಮುದುಕರೊಬ್ಬರು ಯಾವಾಗ ಹೋದರು ಎಂದು ಕೇಳಿದರು. ಆರು ವರ್ಷವಾಯಿತು ಎಂದಾಗ, ಇನ್ನೂ ಮನೆ ಸೇರಿಲ್ಲವೇ ಎಂದು ಮರುಗಿ ಎದ್ದು ಪಟಕ್ಕೆ ಜಾಗ ಬಿಟ್ಟುಕೊಟ್ಟರು. ಜುಂಜಯ್ಯ ಕಿಟಕಿಯ ಪಕ್ಕ ಕೂತು ಊರಿಗೆ ಬಂದ. ಅಳಿಯ ನಿಂತುಕೊಂಡು ಬಂದ.

ಮನೆಯಲ್ಲಿ ಜನ ತುಂಬಿತ್ತು. ನಡುಮನೆಯಲ್ಲಿ ಕಂಬಳಿ ಹಾಸಿ, ಹಳೆಯ ಪಟ ಇಳಿಸಿ ಹೊಸದನ್ನು ಮಣೆಯ ಮೇಲಿಟ್ಟರು. ಆಗಲೇ ಎಡವಟ್ಟಾದದ್ದು. ಆ ಹಬ್ಬಕ್ಕೆ ಹಿರಿಯರಿಗೆ ಹೊಸ ಬಟ್ಟೆ ಇಡುವುದು ಪದ್ಧತಿ. ಇಪ್ಪತ್ತೆರಡು ವರ್ಷ ಆ ಮನೆಯ ಹಬ್ಬ ಉಂಡ ದಯಾನಂದನಿಗೆ ಅದು ತಿಳಿಯದ್ದಲ್ಲ. ಮೂರು ಗಂಟೆಯ ವಿಡಿಯೋ ನೋಡುವಾಗ ನೆನಪಾಗಲಿಲ್ಲ, ಅಷ್ಟೆ. ಯೋಗೇಶ್ ಪ್ಲಾಸ್ಟಿಕ್ ಚೀಲ ಹರಿದು ಹೊಚ್ಚ ಹೊಸ ಪಂಚೆ ತೆಗೆದು ಪಟಕ್ಕೆ ಆನಿಸಿ ಇಟ್ಟ. ತೆರೆದ ಬಾಗಿಲಿನಿಂದ ಬೆಳಕು ಎರಡರ ಮೇಲೂ ಬಿತ್ತು. ಪಂಚೆ ಕಣ್ಣು ಕೋರೈಸಿತು. ಪಕ್ಕದಲ್ಲಿ ಜುಂಜಯ್ಯನ ರುಮಾಲು ಹೊಗೆಗೂಡಿನಲ್ಲಿ ಸಿಕ್ಕಿಸಿದ್ದ ಬಟ್ಟೆಯಂತೆ ಕಂಡಿತು.

"ಭಾವ, ಅಪ್ಪನ್ನ ಒಗೆಯಾದು ಮರ್ತ್ರಾ?" ಅಂದ ಯೋಗೇಶ್.

ಎಲ್ಲರೂ ನಕ್ಕರು. ದಯಾನಂದ ನುಂಗುವುದು, ಉಗುಳುವುದು ಎಂದು ವಿವರಿಸಲು ಹೋದ. ಹಬ್ಬದ ದಿನ ಎಂಥ ಮಾತು ಎಂದು ಮಲ್ಲಕ್ಕ ಗದರಿದಳು. ಚಿತ್ತಮ್ಮ ಅಡಿಗೆಮನೆಯಿಂದ ಬಂದು ಪಟವನ್ನೊಮ್ಮೆ, ಪಂಚೆಯನ್ನೊಮ್ಮೆ ನೋಡಿ ಒಳಗೆ ಹೋದಳು. ಅವಳು ಎಡೆ ಇಡಲು ಬರಲಿಲ್ಲ. ಹೊತ್ತಾಯಿತು ಎಂದು ಮಲ್ಲಕ್ಕನೇ ಎಲೆ ಹಾಕಿ ಮುದ್ದೆ, ಬಾಡಿನ ಸಾರು, ಹೋಳಿಗೆ ಬಡಿಸಿ, ಪಕ್ಕದಲ್ಲಿ ಬೀಡಿ ಕಟ್ಟು ಇಟ್ಟಳು.

ಎಡೆ ಇಟ್ಟ ಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಬೇಕು. ಹಿರಿಯರು ಬಂದು ಉಣ್ಣುವಾಗ ಯಾರೂ ನೋಡಬಾರದು. ಚಿತ್ತಮ್ಮನೊಬ್ಬಳು ಅಡಿಗೆಮನೆಯಲ್ಲೇ ಉಳಿದಳು; ಜಗಲಿಯ ಮೇಲೆ ಇಪ್ಪತ್ತು ಜನ ಉಸಿರು ಬಿಗಿಹಿಡಿದು ಕೂತರು. ಯೋಗೇಶನಿಗೆ ಮಾತ್ರ ಸುಮ್ಮನಿರಲಾಗಲಿಲ್ಲ. ಅಪ್ಪನಿಗೆ ತನ್ನ ಪಟವೇ ಗುರುತು ಸಿಗದೆ ಪಕ್ಕದ ಮನೆಗೆ ಹೋದಾನು ಎಂದು ಪಿಸುಗುಟ್ಟಿದ. ದಯಾನಂದ ಜೇಬಿನಲ್ಲಿದ್ದ ಬ್ಯಾಟರಿಯನ್ನು ಮುಟ್ಟಿ ನೋಡಿಕೊಂಡ. ನಡುಮನೆಗೆ ಕಿಟಕಿ ಇಲ್ಲ. ಒಳಗೆ ಒಳ್ಳೆ ಕತ್ತಲೆ ಇದೆ. ಮಲ್ಲಕ್ಕ ಕೆಮ್ಮಿ ಸೂಚನೆ ಕೊಟ್ಟು ಬಾಗಿಲು ಅರ್ಧ ತೆರೆದಾಗ ಅವನು ಎಲ್ಲರಿಗಿಂತ ಮುಂದೆ ನುಗ್ಗಿದ. ಹಿಂದೆ ಬಂದವರು ಬಾಗಿಲ ತುಂಬ ನಿಂತು ಹೊರಗಿನ ಬೆಳಕು ಮರೆಮಾಡಿದರು.

"ಲೈಟ್ ಹಾಕ್ಬ್ಯಾಡ್ರಿ," ಅಂದ. "ಯಾವ್ದು ನಿಜ, ಯಾವ್ದು ಸುಳ್ಳು ಅಂತ ಈಗ ನೀವೇ ನೋಡ್ರಿ."

ಬ್ಯಾಟರಿ ಒತ್ತಿದ. ಆ ಬೆಳಕು ಅಷ್ಟಾಗಿ ಕಣ್ಣಿಗೆ ಕಾಣುವುದಿಲ್ಲ; ಕಂಡದ್ದು ಪಂಚೆ. ಕತ್ತಲಲ್ಲಿ, ಎಡೆಯ ಪಕ್ಕದಲ್ಲಿ, ಪಂಚೆ ತಾನಾಗಿ ನೀಲಿಯಾಗಿ ಬೆಳಗಿತು. ಹಿರಿಯರು ಬರುವ ಗಳಿಗೆ ಅದು. ಬಾಗಿಲಲ್ಲಿ ನಿಂತಿದ್ದವರಿಗೆ ಬಟ್ಟೆ ಪುಡಿಯ ಶಾಸ್ತ್ರ ಯಾರು ಹೇಳಬೇಕು? ಮಲ್ಲಕ್ಕ ಅಲ್ಲೇ ಅಡ್ಡಬಿದ್ದಳು. ಹಿಂದಿನವರು ಅವಳನ್ನು ಎಡವಿ ತಾವೂ ಬಿದ್ದರು. ಭಕ್ತಿಯೋ ಬೀಳುವಿಕೆಯೋ ಎಂದು ವಿಂಗಡಿಸುವ ಹಾಗಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮಲ್ಲಕ್ಕ ತಲೆ ಎತ್ತಿ ಪಟದ ಕಡೆ ನೋಡಿದಳು. ಅದು ಕಪ್ಪಗಿತ್ತು.

"ಅಣ್ಣ ಬಟ್ಟೆಗೆ ಬಂದವ್ನೆ. ಪಟಕ್ಕೆ ಬಂದಿಲ್ಲ," ಅಂದಳು.

ಇಡೀ ಮನೆ ದಯಾನಂದನ ಕಡೆ ತಿರುಗಿತು. ಅವನು ಗಾಬರಿಯಾಗಿ, ಇದು ಹಿರಿಯರಲ್ಲ, ಪುಡಿ, ಬೇಕಾದರೆ ನೋಡಿ ಎಂದು ಯೋಗೇಶನ ಮೇಲೆ ಬೆಳಕು ಬಿಟ್ಟ. ಯೋಗೇಶನ ಅಂಗಿ ಧಗ್ಗೆಂದಿತು, ಬಾಯಿ ತೆರೆದಿದ್ದನಾದ್ದರಿಂದ ಹಲ್ಲೂ ಹೊಳೆದವು. ಯೋಗೇಶನ ಮೈಮೇಲೂ ಬಂದ ಎಂದು ಯಾರೋ ಕೈ ಮುಗಿದರು. ಯೋಗೇಶ್ ತನ್ನ ತೋಳು ನೋಡಿಕೊಂಡ. ಮೊದಲು ಹೆದರಿದ, ಆಮೇಲೆ ಅವನಿಗೆ ಅದು ಹಿಡಿಸಿತು. ಮೆಲ್ಲಗೆ ತೂಗಾಡಿ, ಬಾರದ ಗಡಸು ದನಿಯಲ್ಲಿ, ಅಳಿಯ ನನ್ನನ್ನು ಹಳದಿ ಮಾಡಿದ, ಹೋದ ವರ್ಷ ಕೊಂಡುಹೋದ ಟಗರನ್ನು ಯೋಗೇಶನಿಗೆ ವಾಪಸ್ಸು ಕೊಡಲಿ ಎಂದು ಅಪ್ಪಣೆ ಕೊಡಿಸಿದ.

ಸುದ್ದಿ ಕೇಳಿ ಅಕ್ಕಪಕ್ಕದವರು ನುಗ್ಗಿದರು. ನನ್ನ ಮೇಲೂ ಬಿಡು ಎಂದು ಸಾಲು ನಿಂತರು. ದಯಾನಂದ, ನೋಡಿ ಇವನ ಟವೆಲೂ ಹೊಳೆಯಿತು, ಇವಳ ರವಿಕೆಯೂ ಹೊಳೆಯಿತು, ಎಲ್ಲರದೂ ಹೊಳೆಯುತ್ತದೆ ಎಂದು ತಿಳಿಹೇಳಲು ಒಬ್ಬೊಬ್ಬರ ಮೇಲೂ ಬಿಟ್ಟ. ಅವನು ಎಷ್ಟು ತಿಳಿಹೇಳಿದನೋ ಅಷ್ಟು ಜನ ಜುಂಜಯ್ಯನ ಕೃಪೆಗೆ ಪಾತ್ರರಾದರು. ಕೈ ಸೋತಿತು. ಗಂಟಲೂ ಸೋತಿತು. ಹೀಗೆ ತಿರುಗಿಸುತ್ತ ತಿರುಗಿಸುತ್ತ ಬೆಳಕು ಮೂಲೆಗೆ ಬಿತ್ತು. ಅಡಿಗೆಮನೆಯಿಂದ ಯಾವಾಗ ಬಂದಿದ್ದಳೋ, ಚಿತ್ತಮ್ಮ ಪಟದ ಪಕ್ಕದಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಅವಳ ಮೈಮೇಲೆ ಏನೂ ಹೊಳೆಯಲಿಲ್ಲ.

ತೂಗಾಡುತ್ತಿದ್ದ ಯೋಗೇಶನೂ ನಿಂತ. ಕಟ್ಟಿಕೊಂಡ ಹೆಂಡತಿಯ ಮೇಲೆ ಬರಲಿಲ್ಲವಲ್ಲ ಎಂದು ಯಾರೋ ಲೊಚಗುಟ್ಟಿದರು. ದಯಾನಂದನಿಗೆ ಕಾರಣ ಗೊತ್ತಿತ್ತು. ಪುಡಿ ಹಾಕಿ ಒಗೆದದ್ದು ಉಟ್ಟರೆ ಮೈ ಕಡಿಯುತ್ತದೆ ಎಂದು ಅತ್ತೆ ತನ್ನ ಕೈಮಗ್ಗದ ಸೀರೆಯನ್ನು ಅಂಟುವಾಳದ ನೊರೆಯಲ್ಲೇ ಒಗೆಯುತ್ತಾಳೆ. ಒಂದು ವಾಕ್ಯದಲ್ಲಿ ಹೇಳಬಹುದಿತ್ತು. ಬೆಳಗಿನಿಂದ ಬೇಡದವರಿಗೆಲ್ಲ ವಿವರಿಸಿದ ಮನುಷ್ಯನಿಗೆ ಈಗ ಬಾಯಿಯೇ ಬರಲಿಲ್ಲ. ಈ ಮುದುಕಿಯ ಗಂಡನನ್ನು ಎರಡು ಸಲ ಕೆಡಿಸಿದೆನಲ್ಲ ಎಂದು ಅವನಿಗೆ ಅಳು ಬಂತು.

ಚಿತ್ತಮ್ಮ ತನ್ನ ಸೆರಗು ನೋಡಿಕೊಂಡಳು. ಪಟದ ಕಡೆ ನೋಡಿದಳು. ಎರಡೂ ಒಂದೇ ಕತ್ತಲಲ್ಲಿದ್ದವು.

"ಹೊಸ ಬಟ್ಟೆಗೆ ಬರಾಕೆ ಅವ್ನಿಗೇನು ಕೆಲ್ಸ," ಅಂದಳು. "ಐವತ್ತೊಂದು ವರ್ಷ ಬಾಳೀನಿ. ಹೊಸ ಪಂಚೆ ಕೊಟ್ರೆ ಮಡಚಿ ಇಕ್ಕಾನು. ಕುರಿ ಹಿಂದೆ ತಿರುಗಾ ಮನುಷ್ಯ, ಯಾವತ್ತೂ ಹೊಳೀಲಿಲ್ಲ. ನಾನೂ ಹೊಳೀಲಿಲ್ಲ. ನೀವು ಹೊಳ್ಕಂಡು ಕುಂತ್ಕಳ್ರಪ್ಪ. ನಾವಿಬ್ರೂ ಜೊತೆಗೇ ಇದೀವಿ."

ಆಮೇಲೆ ಎಲೆಯನ್ನು ಪಟದ ಹತ್ತಿರಕ್ಕೆ ಎಳೆದು, ಮಲ್ಲಕ್ಕ ಬಡಿಸಿದ್ದ ಮುದ್ದೆಯನ್ನು ಮುರಿದು, ಅದರ ಮೇಲೆ ತಾನೇ ಸಾರು ಬಿಟ್ಟಳು.

"ಆ ಬ್ಯಾಟ್ರಿ ಆರ್ಸು ಅಳಿಯ. ಅವ್ನು ಇನ್ನೂ ಉಂಡಿಲ್ಲ."

ದಯಾನಂದ ಬ್ಯಾಟರಿ ಆರಿಸಿದ. ಎಲ್ಲರೂ ಒಬ್ಬೊಬ್ಬರಾಗಿ ಹೊರಗೆ ಬಂದು ಬಾಗಿಲು ಮುಂದೆ ಮಾಡಿಕೊಂಡರು. ಚಿತ್ತಮ್ಮ ಮಾತ್ರ ಒಳಗೇ ಕೂತಳು. ಅವಳನ್ನು ಹೊರಗೆ ಬಾ ಎಂದು ಯಾರೂ ಕರೆಯಲಿಲ್ಲ.